ಮಮ್ಮಿಯ ಕೂದಲಲ್ಲಿ ಕೊಕೇನ್

ಕೊಲಂಬಸ್‌ಗಿಂತ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಈಜಿಪ್ಟಿನವರಿಗೆ ಅಮೆರಿಕದ ಗಿಡಗಳು ಗೊತ್ತಿದ್ದವೇ? ಈ ಪ್ರಶ್ನೆ ಎದ್ದದ್ದು 1992ರಲ್ಲಿ. ಜರ್ಮನಿಯ ಸ್ವೆತ್ಲಾನಾ ಬಲಬನೋವಾ ಮತ್ತು ಸಂಗಡಿಗರು ಮ್ಯೂನಿಕ್‌ನಲ್ಲಿದ್ದ ಒಂಬತ್ತು ಮಮ್ಮಿಗಳನ್ನು ಪರೀಕ್ಷಿಸಿ, ಅವುಗಳ ಕೂದಲು, ಚರ್ಮ, ಮೂಳೆಗಳಲ್ಲಿ ಗಾಂಜಾ, ನಿಕೋಟಿನ್, ಕೊಕೇನ್ ಅಂಶಗಳಿವೆ ಎಂದು ಪ್ರಕಟಿಸಿದರು. ಅವುಗಳಲ್ಲೊಂದು ಕ್ರಿ.ಪೂ. 1000ರ ಸುಮಾರಿನ ಹೆನುತ್ ತಾವಿ ಎಂಬಾಕೆಯದು.

ಗಾಂಜಾ ಹಳೆಯ ಜಗತ್ತಿನದೇ ಗಿಡ. ನಿಕೋಟಿನ್ ಬೇರೆ ಕೆಲವು ಸಸ್ಯಗಳಲ್ಲೂ ಅಲ್ಪ ಪ್ರಮಾಣದಲ್ಲಿದೆ. ತೊಡಕಿದ್ದದ್ದು ಕೊಕೇನಿನಲ್ಲಿ. ಕೋಕಾ ಬೆಳೆಯುತ್ತಿದ್ದದ್ದು ದಕ್ಷಿಣ ಅಮೆರಿಕದಲ್ಲಿ. ಹಾಗಾದರೆ ಸಾಗರ ದಾಟಿದ ವ್ಯಾಪಾರವಿತ್ತೇ ಎಂದು ಕೆಲವರು ಕೇಳಿದರು.

ಸಂದೇಹಿಗಳ ಬಳಿಯೂ ಪುರಾವೆಗಳಿದ್ದವು. ಮ್ಯಾಂಚೆಸ್ಟರ್‌ನ ರೋಸಲೀ ಡೇವಿಡ್ ತಮ್ಮ ಮಮ್ಮಿಗಳನ್ನು ಪರೀಕ್ಷೆಗೆ ಕೊಟ್ಟಾಗ ಕೆಲವದರಲ್ಲಿ ನಿಕೋಟಿನ್ ಸಿಕ್ಕಿತು, ಕೊಕೇನ್ ಸಿಗಲಿಲ್ಲ. 1976ರಲ್ಲಿ ಪ್ಯಾರಿಸ್‌ಗೆ ಒಯ್ದ ಎರಡನೆಯ ರಾಮ್ಸೆಸ್‌ನ ಮಮ್ಮಿಯಲ್ಲಿ ಹೊಗೆಸೊಪ್ಪಿನ ಚೂರುಗಳು ಕಂಡಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಮಮ್ಮಿಗಳಿಗೆ ಹುಳ ಹಿಡಿಯದಂತೆ ಹೊಗೆಸೊಪ್ಪು ಬಳಸಿರಬಹುದು ಎಂದು 2001ರಲ್ಲಿ ಇಬ್ಬರು ಸಂಶೋಧಕರು ವಾದಿಸಿದರು. ಮಮ್ಮಿ ಗೋರಿಯಿಂದ ನೇರವಾಗಿ ಪ್ರಯೋಗಾಲಯಕ್ಕೆ ಬರುವುದಿಲ್ಲ. ನಡುವೆ ಎಷ್ಟೋ ಕೈಗಳನ್ನು ದಾಟಿ ಬಂದಿರುತ್ತದೆ.

ನನಗೆ ಮುಖ್ಯವೆನಿಸುವುದು ಇನ್ನೊಂದು ಹೋಲಿಕೆ. ಉತ್ತರ ಚಿಲಿಯ ಪ್ರಾಚೀನ ಮಮ್ಮಿಗಳ ಕೂದಲಲ್ಲೂ ಕೋಕಾದ ಕುರುಹು ಸಿಕ್ಕಿದೆ. ಅದನ್ನು ಕುರಿತು ಯಾರೂ ಜಗಳವಾಡಲಿಲ್ಲ. ಅಲ್ಲಿನ ಗೋರಿಗಳಲ್ಲಿ ಕೋಕಾ ಎಲೆ ತುಂಬಿದ ಚೀಲಗಳೇ ಇದ್ದವು. ಈಜಿಪ್ಟಿನಲ್ಲಿ ಅಂಥ ಎಲೆಯಾಗಲಿ ಬೀಜವಾಗಲಿ ಸಿಕ್ಕಿಲ್ಲ. ವಸ್ತು ಏನೆಂದು ರಸಾಯನಶಾಸ್ತ್ರ ಹೇಳೀತು. ಅದು ಯಾವಾಗ, ಯಾರ ಕೈಯಿಂದ ಅಲ್ಲಿಗೆ ಬಂತೆಂದು ತಿಳಿಯಲು ಬೇರೆ ಸಾಕ್ಷಿಗಳೂ ಬೇಕು.

ಇಂಥದೇ ವಾದ ನಮ್ಮ ನಾಡಿನಲ್ಲೂ ನಡೆದಿದೆ. ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ, ಅಂದರೆ ಕೊಲಂಬಸ್‌ಗೂ ಮೊದಲೇ ಅಮೆರಿಕದ ಬೆಳೆ ಇಲ್ಲಿತ್ತು ಎಂದು 1989ರಲ್ಲಿ ಜೋಹಾನೆಸೆನ್ ಮತ್ತು ಪಾರ್ಕರ್ ಬರೆದರು. ಅದು ಜೋಳವಲ್ಲ, ಮುಕ್ತಾಫಲವೆಂಬ ಕಲ್ಪಿತ ಹಣ್ಣು ಎಂದು 1993ರಲ್ಲಿ ಪಾಯಕ್ ಮತ್ತು ಸಚನ್ ಉತ್ತರಿಸಿದರು.

ಬಲಬನೋವಾ ಅವರ ಫಲಿತಾಂಶವನ್ನು ನಗೆಯಾಡಿ ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ. ಅದಕ್ಕೆ ಎಲ್ಲರೂ ಒಪ್ಪುವ ವಿವರಣೆ ಇನ್ನೂ ದೊರೆತಿಲ್ಲ. ಹಾಗೆಂದು ಆ ಒಂದೆಳೆ ಕೂದಲಿನಿಂದ ಹಡಗನ್ನೂ ಬಂದರನ್ನೂ ಕಟ್ಟಿಬಿಡಲೂ ಆಗದು. ಉತ್ತರ ಸಿಗದ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಉಳಿಸಿಕೊಳ್ಳುವುದೂ ಇತಿಹಾಸಕಾರನ ಕೆಲಸವೇ.