ಮೊಬೈಲಿನೊಳಗೆ ಬಂದ ಕಾಲೇಜು



ವಾರ್ಷಿಕೋತ್ಸವದ ಸಂಚಿಕೆಗೆ ಇತಿಹಾಸದ ಮೇಲೆ ಒಂದು ಲೇಖನ ಬರಿ ಅಂತ ಸಂಘದ ಅಣ್ಣಂದಿರು ಹೇಳಿದರು. ಇತಿಹಾಸ ಅಂದರೆ ರಾಜರು, ಕೋಟೆ, ಯುದ್ಧ ಅಂತ ನಾವು ತಿಳಿದಿದ್ದೇವೆ. ಆದರೆ ನಾವೇ ಕಣ್ಣಾರೆ ಕಂಡ 2020 ಮತ್ತು 2021 ಕೂಡ ಈಗ ಇತಿಹಾಸವೇ. ಆಗ ಕಾಲೇಜಿನ ಬಾಗಿಲು ಮುಚ್ಚಿ ಪಾಠ ಮೊಬೈಲಿಗೆ ಬಂತು. ಅದು ಯಾರ ಮನೆ ತನಕ ಬಂತು, ಯಾರ ಮನೆಗೆ ಬರಲಿಲ್ಲ ಅನ್ನುವುದನ್ನು ನಾವು ಬರೆದಿಡದಿದ್ದರೆ ಬೇರೆ ಯಾರು ಬರೆಯುತ್ತಾರೆ?

ಸ್ವಲ್ಪ ನೆನಪು ಮಾಡಿಕೊಳ್ಳಿ. 2020ರ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. ಗೋವಾದಲ್ಲಿ ಮೊದಲ ಕೆಲವು ದಿನ ಕಿರಾಣಿ ಅಂಗಡಿಯೂ ತೆರೆಯಲಿಲ್ಲ. ಅದಕ್ಕೂ ಮೊದಲೇ, 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಗಣಿ ನಿಂತಿತ್ತು. ನಮ್ಮ ಭಾಗದಲ್ಲಿ ಟ್ರಕ್ಕು, ಗ್ಯಾರೇಜು ನಂಬಿದ ಮನೆಗಳ ಕೈ ಆಗಲೇ ಖಾಲಿಯಾಗಿತ್ತು. ಅದರ ಮೇಲೆ ದಿನಗೂಲಿಯೂ ನಿಂತಿತು. ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಯಲು ಬಂದ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿ ಊರಿಗೆ ಹೊರಟವು. ಇಂಥ ಹೊತ್ತಿನಲ್ಲಿ ಮಕ್ಕಳಿಗೆ ಆನ್‌ಲೈನ್ ಕ್ಲಾಸು ಶುರುವಾಯಿತು.

ದೇಶ ಅದಕ್ಕೆ ತಯಾರಿತ್ತೇ? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ನೋಡಿ. ಹಳ್ಳಿಗಳಲ್ಲಿ ನೂರಕ್ಕೆ 15 ಮನೆಗಳಲ್ಲಿ ಮಾತ್ರ ಇಂಟರ್‌ನೆಟ್ ಇತ್ತು. ಪಟ್ಟಣದಲ್ಲಿ 42. ಕಂಪ್ಯೂಟರ್ ಅಂತೂ ಹಳ್ಳಿಯ ನೂರು ಮನೆಗಳಲ್ಲಿ ನಾಲ್ಕೈದರಲ್ಲಿ ಇತ್ತು. ಈ ಲೆಕ್ಕ ಸರ್ಕಾರದ ಕೈಯಲ್ಲೇ ಇತ್ತು.

ಗೋವಾ ಚಿಕ್ಕ ರಾಜ್ಯ, ಇಲ್ಲಿ ಏನು ತೊಂದರೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಸಾಂಗೆ ತಾಲ್ಲೂಕಿನ ಕುಮಾರಿ, ಪತ್ರೆ ಹಳ್ಳಿಗಳ ವಿದ್ಯಾರ್ಥಿಗಳು ಸಿಗ್ನಲ್‌ಗಾಗಿ ದಿನಾ ಗುಡ್ಡ ಹತ್ತಿ ಕೂತು ಪಾಠ ಕೇಳಿದ ಸುದ್ದಿ 2020ರಲ್ಲಿ ಪತ್ರಿಕೆಗಳಲ್ಲಿ ಬಂತು. ನಮ್ಮ ಉಸಗಾಂವದ ಕಥೆ ಬೇರೆ. ಇದು ಪಣಜಿ-ಬೆಳಗಾವಿ ಹೆದ್ದಾರಿ ಮೇಲಿನ ಊರು, ತಿಸ್ಕ್‌ನಲ್ಲಿ ನಿಂತರೆ ಟವರ್ ಸಿಗುತ್ತದೆ. ನಮ್ಮಲ್ಲಿ ಸಿಗ್ನಲ್ ಇತ್ತು, ಆದರೆ ಮನೆಗೆ ಇದ್ದದ್ದು ಒಂದೇ ಫೋನು. ಅಪ್ಪ ಕೆಲಸಕ್ಕೆ ಹೊರಟರೆ ಫೋನೂ ಹೊರಟಿತು. ಅಕ್ಕನ ಕ್ಲಾಸು, ತಮ್ಮನ ಕ್ಲಾಸು ಒಂದೇ ಹೊತ್ತಿಗೆ ಬಂದರೆ ಫೋನು ತಮ್ಮನ ಕೈಗೆ, ಪಾತ್ರೆ ಅಕ್ಕನ ಕೈಗೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕು ಎರಡು-ಮೂರು ತಾಸು ವಿಡಿಯೋ ಕ್ಲಾಸು ನೋಡುವಷ್ಟರಲ್ಲಿ ಮುಗಿಯುತ್ತ ಬರುತ್ತಿತ್ತು. ಇನ್ನೊಂದು ಮಾತು: ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷು. ಬೆಂಚಿನ ಮೇಲೆ ಇದ್ದಾಗ ತಿಳಿಯದ್ದನ್ನು ಪಕ್ಕದವರ ಕಿವಿಯಲ್ಲಿ ಕೇಳಬಹುದಿತ್ತು. ಮೊಬೈಲಿನಲ್ಲಿ ಪಕ್ಕದವರೇ ಇಲ್ಲ.

ಇದರ ಬೆಲೆ ಕೆಲವರು ಜೀವದಿಂದ ತೆತ್ತರು. 2020ರ ಜೂನ್ 1ರಂದು ಕೇರಳದಲ್ಲಿ ಆನ್‌ಲೈನ್ ತರಗತಿ ಶುರುವಾದ ದಿನವೇ ಮಲಪ್ಪುರಂ ಜಿಲ್ಲೆಯ ದಲಿತ ಕುಟುಂಬದ ಶಾಲಾ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡಳು. ಮನೆಯ ಟಿವಿ ಕೆಟ್ಟಿತ್ತು, ಸ್ಮಾರ್ಟ್‌ಫೋನ್ ಇರಲಿಲ್ಲ. ಇತ್ತ ಪದವಿಯ ಕೊನೆ ವರ್ಷದವರಿಗೆ ಪರೀಕ್ಷೆ ಆಗಲೇಬೇಕು ಎಂದು ಯುಜಿಸಿ ಜುಲೈ 6ಕ್ಕೆ ಹೇಳಿತು. ಪರೀಕ್ಷೆ ಇಲ್ಲದೆ ಪಾಸು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 28ಕ್ಕೆ ತೀರ್ಪು ಕೊಟ್ಟಿತು. ಪಾಠ ಕೇಳಿದವರಿಗೂ ಕೇಳದವರಿಗೂ ಒಂದೇ ಪ್ರಶ್ನೆಪತ್ರಿಕೆ!

ಹಾಗಂತ ದೂರದಿಂದ ಕಲಿಯುವುದೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ದೆಹಲಿ ವಿಶ್ವವಿದ್ಯಾಲಯ 1962ರಲ್ಲೇ ಅಂಚೆ ಮೂಲಕ ಪಾಠ ಶುರು ಮಾಡಿತು. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣ 1969ರದ್ದು, ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯಿತು. ಅಂಚೆಯಲ್ಲಿ ಬಂದ ಪುಸ್ತಕವನ್ನು ರಾತ್ರಿ ಕೆಲಸ ಮುಗಿಸಿ ಬಂದೂ ಓದಬಹುದು. ಮೊಬೈಲಿನ ನೇರ ತರಗತಿ ಹಾಗಲ್ಲ, ಆ ಹೊತ್ತಿಗೆ ಇಲ್ಲದಿದ್ದರೆ ಮುಗಿಯಿತು. ಹತ್ತು ಪುಟದ ನೋಟ್ಸಿಗೆ ಬೇಕಾಗುವ ಡೇಟಾ ವಿಡಿಯೋಗೆ ಬೇಕಾಗುವುದರ ಒಂದು ಚೂರು ಅಷ್ಟೆ. ಅಂದಮೇಲೆ ಯಾವ ದಾರಿಯಲ್ಲಿ ಪಾಠ ಕಳಿಸುತ್ತೀರಿ ಅನ್ನುವುದರ ಮೇಲೆ ಯಾರು ಉಳಿಯುತ್ತಾರೆ, ಯಾರು ಬೀಳುತ್ತಾರೆ ಅನ್ನುವುದು ನಿಂತಿದೆ.

ಬಾಬಾಸಾಹೇಬರ ಓದೂ ಮಧ್ಯದಲ್ಲಿ ನಿಂತಿತ್ತು, ಗೊತ್ತೇ? 1917ರಲ್ಲಿ ಬರೋಡಾದ ವಿದ್ಯಾರ್ಥಿವೇತನ ಮುಗಿದು ಲಂಡನ್ನಿನಿಂದ ಮರಳಬೇಕಾಯಿತು. ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಪುಸ್ತಕಗಳು ಯುದ್ಧದಲ್ಲಿ ಸಮುದ್ರದ ಪಾಲಾದವು. ಆದರೆ ನಾಲ್ಕು ವರ್ಷದೊಳಗೆ ಬಂದು ಓದು ಮುಂದುವರಿಸಲು ಲಂಡನ್ ವಿಶ್ವವಿದ್ಯಾಲಯ ಅನುಮತಿ ಕೊಟ್ಟಿತ್ತು. ಸ್ವಂತ ಉಳಿತಾಯ, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ, ಶಾಹು ಮಹಾರಾಜರ ನೆರವು ಸೇರಿಸಿ 1920ರಲ್ಲಿ ಮತ್ತೆ ಹೋದರು, 1923ರಲ್ಲಿ ಡಿ.ಎಸ್ಸಿ. ಪಡೆದರು. ಅವರ ಛಲದ ಜೊತೆಗೆ ಬಾಗಿಲು ತೆರೆದಿಟ್ಟವರೂ ಕೈ ಹಿಡಿದವರೂ ಇದ್ದರು. ಅದಕ್ಕೇ ಇರಬೇಕು, 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ದುಡಿಯುವ ಹುಡುಗರಿಗೆ ಅನುಕೂಲವಾಗಲಿ ಅಂತ ಬೆಳಗಿನ ತರಗತಿ ಇಟ್ಟರು. ವಿದ್ಯಾರ್ಥಿಯ ಹೊತ್ತಿಗೆ ಕಾಲೇಜು ಹೊಂದಿಕೊಂಡಿತು.

ನಾಳೆ ಮತ್ತೊಂದು ರೋಗ, ಮತ್ತೊಂದು ನೆರೆ ಬಂದು ಕಾಲೇಜು ಮುಚ್ಚಬಹುದು. ಆಗ ಓಡಾಡಿದರೆ ಆಗದು. ಸಂಘದ ಕೋಣೆಯಲ್ಲಿ ಒಂದು ಇಂಟರ್‌ನೆಟ್ ಸಂಪರ್ಕ, ಎರಡು-ಮೂರು ಹಳೇ ಫೋನು ಇಡೋಣ. ಹೆಣ್ಣುಮಕ್ಕಳಿಗೆ ಬೇರೆ ಹೊತ್ತು ಗೊತ್ತು ಮಾಡೋಣ. ಪಾಠದ ನೋಟ್ಸು ಕಡಿಮೆ ಡೇಟಾದಲ್ಲಿ ಬರುವಂತೆ ಕೊಡಿ ಎಂದು ಕಾಲೇಜುಗಳನ್ನು ಕೇಳೋಣ. ಆ ಎರಡು ವರ್ಷದಲ್ಲಿ ಓದು ಬಿಟ್ಟವರು ನಮ್ಮ ಕೇರಿಯಲ್ಲೇ ಇದ್ದಾರೆ, ನಿಮಗೂ ಗೊತ್ತು. ಶಾಲೆ ಬಿಟ್ಟವರಿಗೆ ಮುಕ್ತ ಶಾಲೆ ಇದೆ, ಪದವಿ ಬಿಟ್ಟವರಿಗೆ ಇಗ್ನೋದ ಪ್ರಾದೇಶಿಕ ಕೇಂದ್ರ ಗೋವಾದಲ್ಲೇ ಇದೆ. ಅರ್ಜಿ ತುಂಬಲು ನಾವು ಓದುತ್ತಿರುವವರು ಕೂತುಕೊಳ್ಳುತ್ತೇವೆ. ನೀವು ಅವರನ್ನು ಮನೆಯಿಂದ ಕರೆದುಕೊಂಡು ಬನ್ನಿ.