ಬರಗಾಲದಲ್ಲಿ ಅಧಿಕ ಮಾಸ

ಕಷ್ಟಗಳು ಒಂದರ ಹಿಂದೊಂದು ಬಂದರೆ ಇಂಗ್ಲಿಷಿನವರು 'ಮಳೆ ಬಂತೆಂದರೆ ಸುರಿದೇ ಸುರಿಯುತ್ತದೆ' ಎನ್ನುತ್ತಾರೆ. ಆಪತ್ಕಾಲಕ್ಕೆ ಕೂಡಿಟ್ಟ ದುಡ್ಡು ಅವರ ಪಾಲಿಗೆ 'ಮಳೆಯ ದಿನದ' ದುಡ್ಡು. ನಾವಾದರೆ 'ಬರಗಾಲದಲ್ಲಿ ಅಧಿಕ ಮಾಸ' ಎನ್ನುತ್ತೇವೆ. ಅಲ್ಲಿ ಮಳೆ ಬಂದರೆ ಕಷ್ಟ, ಇಲ್ಲಿ ಬಾರದಿದ್ದರೆ.

ಠಾಣೆ, ನವಿ ಮುಂಬಯಿಯ ಆಫೀಸುಗಳಲ್ಲಿ ಇದೇ ಮಾತು ಮರಾಠಿಯಲ್ಲಿ ಕಿವಿಗೆ ಬೀಳುತ್ತದೆ. ರಿಲೀಸಿಗೆ ಎರಡು ದಿನ ಇರುವಾಗ ಕ್ಲೈಂಟ್ ಹೊಸ ಬೇಡಿಕೆ ಇಟ್ಟರೆ ಪಕ್ಕದವರು 'ದುಷ್ಕಾಳಾತ್ ತೇರಾವಾ ಮಹಿನಾ' ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಬರದಲ್ಲಿ ಹದಿಮೂರನೆಯ ತಿಂಗಳು. ಭಾಷೆ ಎರಡು, ಗಾದೆ ಒಂದೇ.

ಆ ಹದಿಮೂರನೆಯ ತಿಂಗಳು ಬಂದದ್ದು ಪಂಚಾಂಗದಿಂದ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಸೌರಮಾನಕ್ಕೆ 365. ಈ ಅಂತರ ಸರಿದೂಗಿಸಲು 32-33 ತಿಂಗಳಿಗೊಮ್ಮೆ ಒಂದು ತಿಂಗಳು ಸೇರಿಸುತ್ತಾರೆ. 2023ರಲ್ಲಿ ಬಂದದ್ದು ಅಧಿಕ ಶ್ರಾವಣ. ಆ ತಿಂಗಳಲ್ಲಿ ಮದುವೆ-ಮುಂಜಿ ಇಲ್ಲ, ದಾನ ಮಾತ್ರ ಉಂಟು. ಮಹಾರಾಷ್ಟ್ರದಲ್ಲಿ ಅಳಿಯನನ್ನು ಕರೆದು 33 ಅನಾರಸೆ ಕೊಡುವ ರೂಢಿಯಿದೆ. ಕಣಜ ಬರಿದಾಗಿರುವಾಗ ತಿಂಗಳೂ ಒಂದು ಹೆಚ್ಚು, ಮೇಲೆ ಅಳಿಯ!

ನಗು ಬರುತ್ತದೆ. ಆದರೆ ಗಾದೆಯ ಮೊದಲ ಪದ ನಗುವಂಥದ್ದಲ್ಲ.

1876ರಲ್ಲಿ, ಧಾತು ಸಂವತ್ಸರದಲ್ಲಿ, ಮಳೆ ಕೈಕೊಟ್ಟಿತು. ಸೊಲ್ಲಾಪುರ, ಸಾತಾರಾ, ಕಲಾದಗಿ, ಬೆಳಗಾವಿ, ಧಾರವಾಡ ಒಟ್ಟಿಗೇ ಒಣಗಿದವು. ಮೈಸೂರು ಸಂಸ್ಥಾನದ ಸ್ಥಿತಿಯೂ ಅದೇ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಅಲ್ಲಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು.

ದೇಶದಲ್ಲಿ ಧಾನ್ಯವೇ ಇರಲಿಲ್ಲವೆಂದಲ್ಲ. ನಾವಿಂದು ನೇತಾಡಿಕೊಂಡು ಹೋಗುವ ಕಲ್ಯಾಣದ ರೈಲು ಹಳಿ ಆಗಲೇ ಇತ್ತು. ಸೊಲ್ಲಾಪುರ ದಾಟಿ 1871ರಲ್ಲಿ ರಾಯಚೂರು ಮುಟ್ಟಿತ್ತು. ಆದರೆ ಧಾರವಾಡಕ್ಕೆ ರೈಲಿರಲಿಲ್ಲ. ಗಾಡಿ ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಧಾನ್ಯ ಸಿಕ್ಕಲ್ಲಿ ಬಡವರ ಕೈಗೆಟುಕದ ಬೆಲೆ. 1877ರಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಚಿಲ್ಲರೆ ಕಾಸಿಗೆ ಇಳಿಸಿದ. ಅರ್ಧ ಕಿಲೋಗಿಂತ ಕಡಿಮೆ. ಅದಕ್ಕೆ ದಿನವಿಡೀ ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು. ಮಳೆ ಬಾರದ್ದು ಗ್ರಹಚಾರ ಇರಬಹುದು. ಈ ಕೂಲಿ ಗ್ರಹಚಾರವಲ್ಲ, ಆಡಳಿತದ ತೀರ್ಮಾನ. ದಕ್ಷಿಣ ಮರಾಠಾ ರೈಲ್ವೆ ಆ ಸೀಮೆಗೆ ಬಂದದ್ದು ಬರ ಮುಗಿದ ಮೇಲೆ, 1880ರ ದಶಕದಲ್ಲಿ.

ಹಾಗೆಂದು ಕನ್ನಡಿಗರೆಲ್ಲರ ಕಷ್ಟವೂ ಬಿಸಿಲಿನದಲ್ಲ. ಮುಂಬಯಿಗೆ ಹೆಚ್ಚು ಜನರನ್ನು ಕಳಿಸಿದ ಕರಾವಳಿಯಲ್ಲಿ ಹಸಿವಿನ ತಿಂಗಳು ಆಟಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಕಡಲಿಗಿಳಿಯುವಂತಿಲ್ಲ, ಹಳೆಯ ಅಕ್ಕಿ ಮುಗಿದಿದೆ, ಹೊಸದು ಇನ್ನೂ ಗದ್ದೆಯಲ್ಲಿದೆ. ಆಗ ಹಲಸಿನ ಬೀಜ, ಕಣಿಲೆ, ಕೆಸುವಿನೆಲೆಯೇ ಗತಿ. ಅವರಿಗೆ ಇಂಗ್ಲಿಷಿನ 'ಮಳೆಯ ದಿನ'ವನ್ನು ಬಿಡಿಸಿ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾದಾಗ ನಮಗೆಲ್ಲ ಅದು ಅರ್ಥವಾಯಿತು. ಆ ದಿನ ಬಿದ್ದದ್ದೂ ಆಟಿಯಲ್ಲೇ.

ಇಂದು ಆಟಿಯ ಪತ್ರೊಡೆ ಸಂಘದ ಹಾಲಿನಲ್ಲಿ ಹಬ್ಬದೂಟ, ಅಧಿಕ ಮಾಸ ಆಫೀಸಿನ ಜೋಕು. ಕಷ್ಟ ದಾಟಿ ಬಂದವರ ಮಕ್ಕಳು ಹೀಗೆ ನಗುವುದು ತಪ್ಪಲ್ಲ. ಆದರೆ ಮುಂದಿನ ಸಲ ಆ ಗಾದೆ ಬಾಯಿಗೆ ಬಂದಾಗ, ದಿನಕ್ಕೆ ಒಂದು ಪೌಂಡ್ ಧಾನ್ಯದಲ್ಲಿ ತಿಂಗಳು ಎಣಿಸಿದವರು ಅದರೊಳಗಿದ್ದಾರೆಂಬುದು ನೆನಪಿರಲಿ.