ಆ್ಯಸಿಡ್ ತಾಗಿ ಹಳದಿಯಾದ ಕೈ: ನಿಂಬೆಹಣ್ಣು ಉಜ್ಜಿದರೆ ಹೋಗುತ್ತದೆಯೇ?

ಇಲ್ಲ. ಚಿತ್ರದುರ್ಗವಿರಲಿ, ಹೊಳಲ್ಕೆರೆಯಿರಲಿ, ಚಿನ್ನ ಪರೀಕ್ಷಿಸಲು ಅಕ್ಕಸಾಲಿಗರು ಒರೆಗಲ್ಲಿನ ಗೆರೆಯ ಮೇಲೆ ನೈಟ್ರಿಕ್ ಆ್ಯಸಿಡ್ ಬಿಡುವುದುಂಟು. ಗಾಢ ಆ್ಯಸಿಡ್ ಕೈಗೆ ತಾಗಿದರೆ ಚರ್ಮ ಹಳದಿಯಾಗುತ್ತದೆ.

ಕಾರಣವೇನು?
ಚರ್ಮದ ಪ್ರೋಟೀನಿನಲ್ಲಿ ಬೆಂಜೀನಿನಂಥ ಆರು ಇಂಗಾಲದ ಉಂಗುರಗಳಿವೆ. ಅವುಗಳಲ್ಲಿ ಎಲೆಕ್ಟ್ರಾನ್ ಹೇರಳ. ಆ್ಯಸಿಡ್‌ನಿಂದ ಬರುವ, ಎಲೆಕ್ಟ್ರಾನ್ ಕೊರತೆಯ ನೈಟ್ರೋ ಗುಂಪು ಉಂಗುರಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿದ್ದ ಹೈಡ್ರೋಜನ್ ಜಾಗ ಬಿಡುತ್ತದೆ. ಉಂಗುರ ಹಾಗೇ ಉಳಿಯುತ್ತದೆ, ಬಣ್ಣ ಬದಲಾಗುತ್ತದೆ. ಇದೇ ಎಲೆಕ್ಟ್ರೋಫಿಲಿಕ್ ಆದೇಶನ ಕ್ರಿಯೆ.

ಏನು ಮಾಡಬೇಕು?
ಇದು ಮೇಲೆ ಹತ್ತಿದ ಕಲೆಯಲ್ಲ, ಸುಟ್ಟಗಾಯ. ಆ ಪದರ ಉದುರಿದಾಗಲೇ ಹಳದಿ ಹೋಗುತ್ತದೆ. ಆ್ಯಸಿಡ್ ತಾಗಿದ ಕೂಡಲೇ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ನಿಂಬೆ, ಸೋಡಾ, ಟೂತ್‌ಪೇಸ್ಟ್ ಹಚ್ಚಬೇಡಿ. ಉರಿ, ಗುಳ್ಳೆ ಇದ್ದರೆ ವೈದ್ಯರಿಗೆ ತೋರಿಸಿ.